ಮುಕ್ತ ತಂತ್ರಾಂಶಕ್ಕೆ ನೆರವು ಕೊಡುವವರ ಅರ್ಜಿ ನಮೂನೆ ಯಾರಿಗಾಗಿ?

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಕ್ಕೆ ಸಮುದಾಯದ ಹಣದಿಂದ ನೆರವು ಕೊಡುತ್ತೇವೆಂದು ಪ್ರಕಟಣೆ ಹೊರಡಿಸುವ ಸಂಸ್ಥೆಗಳು, ಅರ್ಜಿ ನಮೂನೆಯನ್ನು ಸಿದ್ಧಪಡಿಸುವ ಮೊದಲು ಅಂತಹ ತಂತ್ರಾಂಶವನ್ನು ನಡೆಸಿಕೊಂಡು ಬರುತ್ತಿರುವ ಒಬ್ಬರನ್ನಾದರೂ ಮಾತನಾಡಿಸುತ್ತವೆಯೇ ಎಂಬ ಅನುಮಾನ ನನಗೆ ಬಹಳ ಕಾಲದಿಂದ ಇತ್ತು. ಈ ಸಲ ಒಂದು ನಿಧಿಗೆ ಅರ್ಜಿ ಹಾಕಿ, ತಿರಸ್ಕಾರದ ಪತ್ರ ಕೈಸೇರಿದ ಮೇಲೆ ಅದು ಅನುಮಾನವಾಗಿ ಉಳಿದಿಲ್ಲ.

ನಾವು ಕೆಲವರು ಸೇರಿ ನೋಡಿಕೊಳ್ಳುತ್ತಿರುವುದು ಕನ್ನಡ ಪದಪರೀಕ್ಷಕಕ್ಕೆ ಬೇಕಾದ ಪದಪಟ್ಟಿ ಮತ್ತು ಪ್ರತ್ಯಯಗಳ ನಿಯಮಗಳನ್ನು. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮೊದಲಾದವು ಕಾಗುಣಿತದ ತಪ್ಪು ಹಿಡಿಯಲು ಬಳಸುವ ಹನ್‌ಸ್ಪೆಲ್ ಎಂಬ ತಂತ್ರಾಂಶಕ್ಕೆ ಈ ಎರಡು ಕಡತಗಳನ್ನು ಒದಗಿಸಬೇಕು. ‘ಮನೆ’ ಎಂಬ ಪದವನ್ನು ಪಟ್ಟಿಗೆ ಸೇರಿಸಿದರೆ ಕೆಲಸ ಮುಗಿಯುವುದಿಲ್ಲ. ‘ಮನೆಗಳಲ್ಲಿಯೂ’, ‘ಮನೆಯವರಿಗಾದರೂ’, ‘ಮನೆಯೊಳಗಿಂದಲೇ’ ಎಂದು ಬರೆದವರ ಪರದೆಯಲ್ಲಿ ಕೆಂಪು ಗೆರೆ ಮೂಡದಂತೆ ಒಂದೊಂದು ರೂಪಕ್ಕೂ ನಿಯಮ ಬರೆಯಬೇಕು, ಆ ನಿಯಮ ಇನ್ನೊಂದು ತಪ್ಪು ಪದವನ್ನು ಸರಿಯೆಂದು ಒಪ್ಪಿಕೊಳ್ಳದಂತೆಯೂ ಕಾಯಬೇಕು. ಹಗಲಿನ ನೌಕರಿ ಮುಗಿದ ಮೇಲೆ ರಾತ್ರಿ ಕುಳಿತು ಮಾಡುವ ಕೆಲಸ ಇದು.

ಅರ್ಜಿಯ ಮೊದಲ ಪುಟದಲ್ಲೇ ‘ತಿಂಗಳಿಗೆ ಎಷ್ಟು ಜನ ಸಕ್ರಿಯ ಬಳಕೆದಾರರು? ದಾಖಲೆ ಲಗತ್ತಿಸಿ’ ಎಂದು ಕೇಳಿದ್ದರು. ಬಳಸುವವರ ಮೇಲೆ ಕಣ್ಣಿಡುವುದಿಲ್ಲ ಎಂಬುದೇ ಇಂತಹ ತಂತ್ರಾಂಶದ ಹೆಗ್ಗಳಿಕೆ. ಯಾರು ಬೇಕಾದರೂ ನಕಲು ಮಾಡಿಕೊಂಡು, ತಮ್ಮ ತಂತ್ರಾಂಶದೊಳಗೆ ಸೇರಿಸಿ, ನಮಗೆ ಹೇಳದೆಯೇ ಹಂಚಬಹುದೆಂದು ಪರವಾನಗಿಯಲ್ಲಿ ನಾವೇ ಬರೆದುಕೊಟ್ಟಿದ್ದೇವೆ. ಊರಿಗೆ ಬಾವಿ ತೋಡಿಸಿದವನನ್ನು ಹಿಡಿದು, ನೀರು ಸೇದಿದವರ ಪಟ್ಟಿ ಎಲ್ಲಿ ಎಂದು ಕೇಳಿದ ಹಾಗಾಯಿತು. ಬೇರೆ ದಾರಿಯಿಲ್ಲದೆ, ತಂತ್ರಾಂಶ ಬರೆಯುವವರು ಕೆಲಸ ಹಂಚಿಕೊಳ್ಳುವ ಗಿಟ್‌ಹಬ್ ಜಾಲತಾಣದಲ್ಲಿ ನಮಗೆ ಬಿದ್ದ ಮೆಚ್ಚುಗೆಯ ಗುರುತುಗಳ, ಅಂದರೆ ಸ್ಟಾರ್‌ಗಳ, ಸಂಖ್ಯೆಯನ್ನು ಕೊಟ್ಟೆವು. ಜಿಲ್ಲಾ ಕಚೇರಿಯಲ್ಲಿ ಕುಳಿತು ಪತ್ರ ಟೈಪ್ ಮಾಡುವ ಗುಮಾಸ್ತರು ಗಿಟ್‌ಹಬ್‌ಗೆ ಬಂದು ಸ್ಟಾರ್ ಒತ್ತುತ್ತಾರೆಯೇ? ಸಂಖ್ಯೆ ಚಿಕ್ಕದಾಗಿತ್ತು, ಅದನ್ನೇ ಹಿಡಿದು ‘ಪ್ರಭಾವ ಸಾಲದು’ ಎಂದು ಷರಾ ಬರೆದರು.

ಎರಡನೆಯದು ‘ಹೊಸತನ’. ಇರುವುದನ್ನು ಸುಸ್ಥಿತಿಯಲ್ಲಿ ಇಡಲು ಹಣ ಬೇಕೆಂದು ಬರೆದದ್ದಕ್ಕೆ, ಇದರಲ್ಲಿ ಹೊಸತೇನಿದೆ ಎಂಬ ಪ್ರಶ್ನೆ ಬಂತು. ಕೃತಕ ಬುದ್ಧಿಮತ್ತೆ ಎಂಬ ಎರಡು ಪದಗಳನ್ನು ಅಲ್ಲಲ್ಲಿ ಉದುರಿಸಿದ್ದರೆ ಉತ್ತರ ಬೇರೆಯಾಗುತ್ತಿತ್ತೆಂದು ಪರಿಚಯದವರೊಬ್ಬರು ಹೇಳಿದರು, ಅವರು ತಮಾಷೆ ಮಾಡುತ್ತಿರಲಿಲ್ಲ. ಇರುವುದನ್ನು ನೋಡಿಕೊಳ್ಳುವವರನ್ನು ಕಡೆಗಣಿಸಿದ್ದರ ಬೆಲೆಯನ್ನು ಕಂಪ್ಯೂಟರ್ ಜಗತ್ತು ಈಗಾಗಲೇ ತೆತ್ತಿದೆ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಅದು ಅಡಗಿದ್ದ, ಜಾಲದ ಬಹುಪಾಲು ಸುರಕ್ಷಿತ ಸಂಪರ್ಕಗಳನ್ನು ಹೊತ್ತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂಬುದು ಹೊರಬಿತ್ತು. 2024ರ ಮಾರ್ಚ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದೊಳಗೆ, ಗುಟ್ಟಾಗಿ ಒಳನುಗ್ಗಲು ಇಟ್ಟಿದ್ದ ಹಿಂಬಾಗಿಲು ಪತ್ತೆಯಾದಾಗಲೂ ಕಂಡದ್ದು, ದಣಿದಿದ್ದ ಒಬ್ಬನೇ ನಿರ್ವಾಹಕ ಮತ್ತು ಸಹಾಯದ ಸೋಗಿನಲ್ಲಿ ಒಳಗೆ ಬಂದ ಅಪರಿಚಿತ. ಎರಡು ಕಡೆಯೂ ಬೇಕಾಗಿದ್ದದ್ದು ದಿನನಿತ್ಯದ ನಿಗಾ. ಹೊಸತನವನ್ನು ಯಾರೂ ಕೇಳಿರಲಿಲ್ಲ.

ಇವೆಲ್ಲವನ್ನೂ ದಾಟಿದರೆ ಅರ್ಹತೆಯ ಕಟ್ಟಳೆ: ನೋಂದಾಯಿತ ಸಂಸ್ಥೆಯಾಗಿರಬೇಕು, ಮೂರು ವರ್ಷಗಳ ಲೆಕ್ಕಪರಿಶೋಧಿತ ಆಯವ್ಯಯ ಪಟ್ಟಿ ಇರಬೇಕು. ಬೇರೆ ಬೇರೆ ಊರುಗಳಲ್ಲಿ ಕುಳಿತು ಒಬ್ಬರಿಗೊಬ್ಬರು ಪ್ಯಾಚ್, ಅಂದರೆ ತಿದ್ದುಪಡಿ, ಕಳುಹಿಸಿಕೊಳ್ಳುವ ನಮ್ಮಂಥವರು ಇದಕ್ಕಾಗಿ ಟ್ರಸ್ಟ್ ಪತ್ರ ಬರೆಸಿ, ಉಪನೋಂದಣಿ ಕಚೇರಿಗೆ ಅಲೆದು, ಪ್ಯಾನ್ ಮಾಡಿಸಿ, ಲೆಕ್ಕಪರಿಶೋಧಕರಿಗೆ ವರ್ಷ ವರ್ಷ ಶುಲ್ಕ ತೆರಬೇಕು. ಹಣವೇ ಇಲ್ಲವೆಂದು ಅರ್ಜಿ ಹಾಕುವವರ ಬಳಿ ಪರಿಶೋಧಿಸಲು ಯಾವ ಲೆಕ್ಕವಿರುತ್ತದೆ, ಸ್ವಾಮಿ? ಹೊರದೇಶದ ದೇಣಿಗೆಯತ್ತ ಮುಖ ಮಾಡುವ ಟ್ರಸ್ಟಿಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಎದುರಾಗುತ್ತದೆ; 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಒಂದೇ ಬ್ಯಾಂಕ್ ಶಾಖೆಯ ಖಾತೆಗೆ ಬಂದಿಳಿಯಬೇಕು. ಪದಪಟ್ಟಿ ತಿದ್ದುವವರು ಇದನ್ನೆಲ್ಲ ಅರೆದು ಕುಡಿದಿರಬೇಕೆಂಬ ನಿರೀಕ್ಷೆ!

ಬೇರೆ ರೀತಿಯಲ್ಲಿ ಮಾಡಲು ಬರುವುದಿಲ್ಲವೆಂದು ಯಾರೂ ಹೇಳಬಾರದು. ನೆದರ್‌ಲ್ಯಾಂಡ್ಸ್‌ನ ಎನ್‌ಎಲ್‌ನೆಟ್ ಪ್ರತಿಷ್ಠಾನ ಚಿಕ್ಕದೊಂದು ನಮೂನೆಯ ಮೇಲೆ ಬಿಡಿ ವ್ಯಕ್ತಿಗಳಿಗೂ ನೆರವು ಕೊಡುತ್ತದೆ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿಯನ್ನು ಘೋಷಿಸಿದಾಗ, ತಂತ್ರಾಂಶದ ಪರಿಚಯ ಮತ್ತು ಹಣದ ಅಗತ್ಯವನ್ನು ಒಂದು ಕಡತದಲ್ಲಿ ಬರೆದು ಯೋಜನೆಯ ಜೊತೆಗೇ ಇಡುವ ಪದ್ಧತಿಯನ್ನು ತಂದಿತು. ನಾವು ಕೇಳಿದ್ದು ಅಂತಹ ದೊಡ್ಡ ಮೊತ್ತವನ್ನೂ ಅಲ್ಲ: ಒಬ್ಬರಿಗೆ ಆರು ತಿಂಗಳ ಅರೆಕಾಲಿಕ ಸಂಬಳ ಮತ್ತು ಪರೀಕ್ಷೆಗೆ ಬೇಕಾದ ಸರ್ವರ್ ಬಾಡಿಗೆ, ಅಷ್ಟೇ.

ತಿರಸ್ಕಾರದ ಪತ್ರದಲ್ಲಿ ನಮ್ಮ ಯೋಜನೆಯ ಹೆಸರೂ ತಪ್ಪಾಗಿತ್ತು. ಯಾರು ಓದಿದರು, ಕನ್ನಡ ಬಲ್ಲವರೊಬ್ಬರಾದರೂ ಆ ಸಮಿತಿಯಲ್ಲಿ ಇದ್ದರೇ ಎಂದು ಕೇಳಿ ಬರೆದ ಪತ್ರಕ್ಕೆ ಉತ್ತರವಿಲ್ಲ; ಅದರ ಬದಲು, ಅರ್ಜಿ ಸಲ್ಲಿಸಿದ ಅನುಭವ ಹೇಗಿತ್ತೆಂದು ಐದು ನಕ್ಷತ್ರಗಳಲ್ಲಿ ಅಂಕ ಕೊಡಿ ಎಂಬ ಮಿಂಚಂಚೆ ಬಂದಿದೆ.