ಕ್ಯಾಸೆಟ್ ಗೆದ್ದದ್ದು ಸೌಂಡಿನಿಂದ ಅಲ್ಲ

ಹಳೇ ಕ್ಯಾಸೆಟ್ಟಿನ ಫೋಟೊ ಹಾಕಿ ‘ಆ ಸೌಂಡೇ ಬೇರೆ’ ಅಂತ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಸೌಂಡಿನ ವಿಚಾರದಲ್ಲಿ ಕ್ಯಾಸೆಟ್ ಹುಟ್ಟಿನಿಂದಲೇ ಬಡಪಾಯಿ. ಅದಕ್ಕಿಂತ ಚೆನ್ನಾಗಿ ಕೇಳಿಸುತ್ತಿದ್ದ ಟೇಪಿನ ಡಬ್ಬಿಗಳು ಮೊದಲೂ ಬಂದಿದ್ದವು, ಆಮೇಲೂ ಬಂದವು. ಒಂದೂ ಉಳಿಯಲಿಲ್ಲ.

1958ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಒಂದು ಟೇಪ್ ಕಾರ್ಟ್ರಿಜ್, ಅಂದರೆ ಟೇಪು ಸುತ್ತಿಟ್ಟ ಡಬ್ಬಿ, ತಂದಿತು. ಪುಸ್ತಕದಷ್ಟು ದೊಡ್ಡದು. ಒಳಗೆ ಕಾಲಿಂಚು ಅಗಲದ ಟೇಪು, ಸೆಕೆಂಡಿಗೆ 9.5 ಸೆಂಟಿಮೀಟರ್ ಓಟ. ಟೇಪು ಅಗಲವಾಗಿದ್ದು ಜೋರಾಗಿ ಓಡಿದರೆ ಶಬ್ದ ಚೆನ್ನಾಗಿ ಮೂಡುತ್ತದೆ. ಆದರೂ ಕೆಲವೇ ವರ್ಷಗಳಲ್ಲಿ ಅದರ ಕಥೆ ಮುಗಿಯಿತು.

1963ರಲ್ಲಿ ಬರ್ಲಿನ್ನಿನ ರೇಡಿಯೊ ಮೇಳದಲ್ಲಿ ಫಿಲಿಪ್ಸ್ ತನ್ನ ಕ್ಯಾಸೆಟ್ ತೋರಿಸಿತು. ಬೆಲ್ಜಿಯಂನ ಹ್ಯಾಸೆಲ್ಟ್‌ನಲ್ಲಿ ಲೂ ಒಟೆನ್ಸ್ ಅವರ ತಂಡ ಮಾಡಿದ್ದು. ಈ ಮನುಷ್ಯ ಮೊದಲು ಒಂದು ಮರದ ತುಂಡು ಕತ್ತರಿಸಿಕೊಂಡರಂತೆ. ಅದು ಕೋಟಿನ ಜೇಬಿನೊಳಗೆ ಹೋಗಬೇಕು, ಮೆಷಿನ್ ಅಷ್ಟೇ ಇರಬೇಕು. ಅಂದರೆ ಲೆಕ್ಕ ಶುರುವಾದದ್ದೇ ಜೇಬಿನಿಂದ. ಟೇಪಿನ ಅಗಲ 3.81 ಮಿಲಿಮೀಟರ್, ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. ಮಾತು ರೆಕಾರ್ಡ್ ಮಾಡಿಕೊಳ್ಳೋಕೆ ಸಾಕು, ಸಂಗೀತಕ್ಕೆ ಸಾಲದು. ಹಿಂದೆ ಸದಾ ‘ಹಿಸ್ಸ್’ ಅನ್ನುವ ಸದ್ದು ಬೇರೆ.

ಅಮೆರಿಕದಲ್ಲಿ ಆಗ ಎಂಟು ಟ್ರ್ಯಾಕಿನ ಕಾರ್ಟ್ರಿಜ್ ಮೆರೆಯಿತು. ಜೆಟ್ ವಿಮಾನ ಮಾಡುತ್ತಿದ್ದ ಬಿಲ್ ಲಿಯರ್ ಅದರ ಹಿಂದಿದ್ದವರು. ಫೋರ್ಡ್ ಕಂಪನಿ 1966ರ ಮಾಡೆಲ್ ಕಾರುಗಳಲ್ಲಿ ಅದನ್ನು ಕೊಡಲು ಶುರುಮಾಡಿತು. ಅದರ ಒಳಗಿನ ಕೆಲಸ ಮಜವಾಗಿದೆ. ರೀಲು ಒಂದೇ. ಟೇಪಿನ ಎರಡೂ ತುದಿ ಸೇರಿಸಿ ಅಂಟಿಸಿರುತ್ತಾರೆ. ರೀಲಿನ ನಡುವಿನಿಂದ ಟೇಪು ಹೊರಗೆ ಬರುತ್ತದೆ, ಸುತ್ತಿ ಬಂದು ಹೊರಗಡೆ ಕೂರುತ್ತದೆ. ಸುತ್ತುಗಳು ಒಂದರ ಮೇಲೊಂದು ಜಾರಬೇಕಲ್ಲ, ಅದಕ್ಕೆ ಬೆನ್ನಿಗೆ ಗ್ರಾಫೈಟ್ ಬಳಿದಿರುತ್ತಾರೆ. ಹೀಗಾಗಿ ಹಾಡು ಮುಗಿಯುವುದೇ ಇಲ್ಲ, ಸುಮ್ನೆ ತಿರುಗುತ್ತಲೇ ಇರುತ್ತದೆ. ಕಾರು ಓಡಿಸುವವನಿಗೆ ಇನ್ನೇನು ಬೇಕು? ಆದರೆ ಹಿಂದಕ್ಕೆ ಸುತ್ತುವ ಹಾಗಿಲ್ಲ. ಸ್ಟೀರಿಯೊಗೆ ಒಂದು ಸಲಕ್ಕೆ ಎರಡು ಟ್ರ್ಯಾಕ್ ಬೇಕು, ಹಾಗಾಗಿ ಆಲ್ಬಂ ಅನ್ನು ನಾಲ್ಕು ಸಮಭಾಗ ಮಾಡಬೇಕು. ಲೆಕ್ಕ ಸರಿಹೋಗದಿದ್ದರೆ ಹಾಡು ನಡುವೆಯೇ ತಗ್ಗುತ್ತದೆ, ‘ಟಕ್’ ಅಂತ ಟೇಪು ಓದುವ ಹೆಡ್ ಸರಿಯುತ್ತದೆ, ಮಿಕ್ಕಿದ್ದು ಮುಂದಿನ ಟ್ರ್ಯಾಕಿನಲ್ಲಿ! ಇದನ್ನು ಜನ ಅಷ್ಟು ವರ್ಷ ಹೇಗೆ ಸಹಿಸಿಕೊಂಡರೋ.

ಕ್ಯಾಸೆಟ್ಟಿಗೆ ದಾರಿ ಮಾಡಿಕೊಟ್ಟದ್ದು ಒಂದು ವ್ಯಾಪಾರದ ತೀರ್ಮಾನ ಅನ್ನೋದು ನನ್ನ ಅಭಿಪ್ರಾಯ. ಎದುರಿಗೆ ಜರ್ಮನಿಯ ಗ್ರುಂಡಿಗ್ ಕಂಪನಿ ತನ್ನದೇ ಬೇರೆ ಕ್ಯಾಸೆಟ್ ತಂದಿತ್ತು. ಲೈಸೆನ್ಸಿಗೆ ದುಡ್ಡು ಕೊಡಲ್ಲ ಅಂತ ಸೋನಿ ಪಟ್ಟು ಹಿಡಿಯಿತು. ಕೊನೆಗೆ ಫಿಲಿಪ್ಸ್ ಬಿಟ್ಟಿಯಾಗಿಯೇ ಕೊಟ್ಟಿತು, ಅಳತೆ ಮಾತ್ರ ಬದಲಿಸಬಾರದು ಅಂತ. ಎಲ್ಲರೂ ಮಾಡತೊಡಗಿದರು. ಸೌಂಡು ಆಮೇಲೆ ನಿಧಾನವಾಗಿ ಸುಧಾರಿಸಿತು. ಹಿಸ್ಸ್ ತಗ್ಗಿಸುವ ಡಾಲ್ಬಿ ಬಂತು, ಕ್ರೋಮಿಯಂ ಟೇಪು ಬಂತು.

1976ರಲ್ಲಿ ಸೋನಿಯವರೇ ಎಲ್‌ಕ್ಯಾಸೆಟ್ ಅಂತ ತಂದರು. ಮತ್ತೆ ಕಾಲಿಂಚು ಟೇಪು, ಮತ್ತೆ 9.5 ಸೆಂಟಿಮೀಟರ್. ಕೇಳೋಕೆ ಬಲು ಚೆನ್ನ, ಕೊಳ್ಳುವವರೇ ಇಲ್ಲ. 1980ಕ್ಕೆ ಮುಗಿಯಿತು. ಅಷ್ಟರಲ್ಲಿ, 1979ರಲ್ಲಿ, ಅದೇ ಸೋನಿಯ ವಾಕ್‌ಮನ್ ಬಂದಿತ್ತು, ಅದೂ ಸಣ್ಣ ಕ್ಯಾಸೆಟ್ಟಿಗೇ!

ನಮ್ಮಲ್ಲಿ ಕ್ಯಾಸೆಟ್ ಭಾವಗೀತೆಯನ್ನು, ತಾಳಮದ್ದಳೆಯನ್ನು, ಹರಿಕಥೆಯನ್ನು ಮನೆಯೊಳಗೆ ತಂದಿತು. ಅದಕ್ಕಿಂತ ದೊಡ್ಡದು ಟೇಪ್ ರೆಕಾರ್ಡರಿನಲ್ಲಿದ್ದ ಕೆಂಪು ರೆಕಾರ್ಡ್ ಬಟನ್. ಗ್ರಾಮಫೋನ್ ತಟ್ಟೆಯಲ್ಲಿ ನಿಮ್ಮ ಅಜ್ಜಿಯ ಸೋಬಾನೆ ಪದ ಹಿಡಿಯೋಕೆ ಆಗುತ್ತಿತ್ತಾ? ಕಂಪನಿಯವರು ಅಳಿಸಬಾರದು ಅಂತ ಕ್ಯಾಸೆಟ್ಟಿನ ಮೇಲಂಚಿನ ಪುಟ್ಟ ಪ್ಲಾಸ್ಟಿಕ್ ಕಿವಿ ಮುರಿದು ಕಳಿಸುತ್ತಿದ್ದರು. ನಾವು ಆ ತೂತಿಗೆ ಸೆಲ್ಲೋಟೇಪ್ ಹಚ್ಚಿ ಮೇಲೆಯೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು, ಅಲ್ವಾ?

ಅದಕ್ಕೇ ಒಂದು ಮಾತು. ಸಿನಿಮಾ ಹಾಡಿನ ಕ್ಯಾಸೆಟ್ ಬೇಕಾದರೆ ಶೋಕೇಸಿನಲ್ಲಿಡಿ, ಆ ಹಾಡುಗಳು ಬಹುಪಾಲು ಮೊಬೈಲಿನಲ್ಲೇ ಸಿಗುತ್ತವೆ. ಪೆನ್ನಿನಲ್ಲಿ ಹೆಸರು ಬರೆದ ಕ್ಯಾಸೆಟ್ಟುಗಳನ್ನು ಮೊದಲು ಹುಡುಕಿ. ಹೆಡ್ಡಿಗೆ ಟೇಪು ಒತ್ತುವ ಪುಟ್ಟ ಫೆಲ್ಟ್ ತುಂಡು ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಬೇರೆ ಕ್ಯಾಸೆಟ್ಟಿನದು ಹಾಕಿಸಿ. ಪ್ಲೇ ಮಾಡುವ ಮುಂಚೆ ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ, ಅಂಟಿಕೊಂಡಿದ್ದರೆ ಗೊತ್ತಾಗುತ್ತದೆ. ಆಮೇಲೆ ಕಂಪ್ಯೂಟರಿಗೆ ಇಳಿಸಿ. ಅದರಲ್ಲಿರುವ ಮಾತಿಗೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ.