ಕೋವಿಡ್ ಸೋಂಕಿನ ವಾರ್ಡಿಗೆ ಮನೆಯವರನ್ನು ಬಿಡಬೇಕೇ?

ಪರ: ರೋಗಿಯ ಮಗ, ಆಳಂದ ತಾಲ್ಲೂಕು

2021ರ ಮೇ ತಿಂಗಳಲ್ಲಿ ಒಂಬತ್ತು ದಿನ ನಾನು ಕಲಬುರಗಿಯ ಆಸ್ಪತ್ರೆಯೊಂದರ ಗೇಟಿನ ಎದುರು ಕುಳಿತಿದ್ದೆ. ಅವ್ವ ಒಳಗಿದ್ದಳು. ಅವಳಿಗೆ ಕಿವಿ ಮಂದ; ಎದುರಿನವರ ತುಟಿ ನೋಡಿ ಮಾತು ತಿಳಿಯುವವಳು. ಒಳಗೆ ಎಲ್ಲರ ತುಟಿಯೂ ಮಾಸ್ಕಿನ ಹಿಂದೆ. ಬೋರಲು ಮಲಗಿದರೆ ಆಕ್ಸಿಜನ್ ಮಟ್ಟ ಏರುತ್ತದೆ ಎಂದು ನರ್ಸ್ ಹೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ. ಮುದುಕಿ ಹಟ ಮಾಡುತ್ತಾಳೆ ಎಂದು ಅವರು ತಿಳಿದರು. ಹತ್ತು ನಿಮಿಷ ನನ್ನನ್ನು ಬಿಟ್ಟಿದ್ದರೆ ಬೆನ್ನು ಸವರಿ ಹೊರಳಿಸುತ್ತಿದ್ದೆ.

ಸಂಜೆ ಒಂದು ಫೋನ್ ಬರುತ್ತಿತ್ತು: "ಸ್ಥಿತಿ ಹಾಗೆಯೇ ಇದೆ." ಅಷ್ಟೇ. ಉಳಿದದ್ದನ್ನು ಗೇಟಿನ ಬಳಿ ಇದ್ದವರು ಊಹಿಸಿಕೊಳ್ಳುತ್ತಿದ್ದರು: ಆಕ್ಸಿಜನ್ ಮುಗಿದಿದೆಯಂತೆ, ಹಣವಿದ್ದವರಿಗೇ ಹಾಸಿಗೆಯಂತೆ. ಗಾಜು ಒಡೆಯುವ ಸಿಟ್ಟು ಹುಟ್ಟುವುದು ಅಲ್ಲಿಯೇ. ವೈದ್ಯ ಸಿಬ್ಬಂದಿಗೆ ತೀವ್ರ ಗಾಯ ಮಾಡಿದರೆ ಏಳು ವರ್ಷದವರೆಗೆ ಸೆರೆ ಎಂದು 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ಬಂದಿತ್ತು. ಬೇಕಾಗಿತ್ತು, ಒಪ್ಪುತ್ತೇನೆ. ಆದರೆ ಮನೆಯ ಒಬ್ಬರಿಗೆ ಮೈಯೆಲ್ಲ ಮುಚ್ಚುವ ರಕ್ಷಣೆಯ ಉಡುಪು, ಪಿಪಿಇ ಕಿಟ್, ತೊಡಿಸಿ ದಿನಕ್ಕೊಮ್ಮೆ ಒಳಗೆ ಬಿಟ್ಟಿದ್ದರೆ ಆ ಸಿಟ್ಟು ಅರ್ಧ ಇಳಿಯುತ್ತಿತ್ತು.

ಅವ್ವ ಬದುಕಿ ಬಂದಳು. ಉಪಚರಿಸಿದವರಲ್ಲಿ ಒಬ್ಬರ ಮುಖವೂ ಅವಳಿಗೆ ಗೊತ್ತಿಲ್ಲ; ಕೈ ಮುಗಿಯಬೇಕೆಂದರೂ ಯಾರಿಗೆ ಮುಗಿಯಲಿ ಎನ್ನುತ್ತಾಳೆ.

ವಿರೋಧ: ಸ್ಟಾಫ್ ನರ್ಸ್, ಕಲಬುರಗಿ

ಈ ಸೋಂಕು ಹೇಗೆ ದಾಟುತ್ತದೆ ಎಂಬುದನ್ನು ನಮ್ಮ ಊರು ಆರಂಭದಲ್ಲೇ ಕಂಡಿತು. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರದು ದೇಶದ ಮೊದಲ ಕೋವಿಡ್ ಸಾವು. ಅವರ ಮಗಳಿಗೂ, ಮನೆಗೆ ಹೋಗಿ ಚಿಕಿತ್ಸೆ ನೀಡಿದ ವೈದ್ಯರಿಗೂ ಸೋಂಕು ತಗುಲಿತು.

ಮನೆಯವರನ್ನು ಒಳಗೆ ಬಿಟ್ಟ ದಿನಗಳನ್ನೂ ನಾನು ನೋಡಿದ್ದೇನೆ. ಅಪ್ಪನಿಗೆ ಗಂಜಿ ಕುಡಿಸಲು ಮಗ ಆಕ್ಸಿಜನ್ ಮಾಸ್ಕ್ ಸರಿಸುತ್ತಾನೆ. ಮಾತು ಕೇಳಿಸಲೆಂದು ತನ್ನ ಮಾಸ್ಕನ್ನೂ ಗದ್ದಕ್ಕೆ ಇಳಿಸುತ್ತಾನೆ. ಸಂಜೆ ಚಿಂಚೋಳಿಗೋ ಜೇವರ್ಗಿಗೋ ಸಿಕ್ಕ ವಾಹನ ಹತ್ತಿ ಮಕ್ಕಳಿರುವ ಮನೆಗೆ ಹೋಗುತ್ತಾನೆ. ಕಿಟ್ ತೊಡಿಸಿದರಾಯಿತು ಎನ್ನುವವರು ಅದನ್ನು ಕಳಚುವುದನ್ನು ಮರೆಯುತ್ತಾರೆ. ಹೊರಮೈ ಮುಟ್ಟಿದ ಕೈ ಮುಖಕ್ಕೆ ಹೋಗದಂತೆ ಕಳಚಲು ನಮಗೇ ಎಷ್ಟೋ ದಿನಗಳ ರೂಢಿ ಬೇಕಾಯಿತು.

ಕಿವಿ ಕೇಳದ ತಾಯಂದಿರು ನನ್ನ ವಾರ್ಡಿನಲ್ಲೂ ಇದ್ದರು. ಅವರಿಗೆ ಮಾತು ಮುಟ್ಟಿಸುವುದರಲ್ಲಿ ನಾವು ಸೋತದ್ದುಂಟು, ಅದು ನನ್ನನ್ನು ಇಂದಿಗೂ ಕಾಡುತ್ತದೆ. ಅದಕ್ಕೆ ವಿಡಿಯೊ ಕರೆ ಬೇಕು, ಸಂಜೆ ಬಿಡುವಾಗಿ ಮಾತಾಡುವ ಒಬ್ಬ ವೈದ್ಯರು ಬೇಕು. ನಾನು ಕಿಟ್‌ನ ಎದೆಯ ಮೇಲೆ ಮಾರ್ಕರ್‌ನಿಂದ ಹೆಸರು ಬರೆದುಕೊಳ್ಳುತ್ತಿದ್ದೆ, ಕನ್ನಡದಲ್ಲೂ ಉರ್ದುವಿನಲ್ಲೂ. ಓದು ಬಾರದ ಆಯಿಯೊಬ್ಬರು ಆ ಅಕ್ಷರಗಳ ಆಕಾರದಿಂದಲೇ ನನ್ನನ್ನು ಗುರುತು ಹಿಡಿದು ಕೈ ಚಾಚುತ್ತಿದ್ದರು.