ಹೂಂ ಅನ್ನು, ನೀರು ಹೋಗಂಗಿಲ್ಲ

ನಮ್ಮ ಮಗನಿಗೆ ಆರು ವರ್ಷ. ಈ ಸಲ ಬೇಸಿಗೆ ರಜೆಯಲ್ಲಿ ಅವನನ್ನು ಈಜು ಕಲಿಯಲು ಹಾಕಿದೆವು. ಹಾಕಿದೆವು ಅಂತ ಸುಲಭವಾಗಿ ಬರೆದುಬಿಟ್ಟೆ, ಅದಕ್ಕೂ ಮೊದಲು ಮನೆಯಲ್ಲಿ ಒಂದು ವಾರ ಪಂಚಾಯ್ತಿ ನಡೆದಿತ್ತು. ಅತ್ತೆಯವರದು ಒಂದೇ ಮಾತು. "ಕುಡಿಯಾಕ ನೀರಿಲ್ಲದ ಊರಾಗ ಈಸಾಕ ಕಲ್ಯಾಕ ರೊಕ್ಕ ಕೊಡ್ತೀರಲ್ಲ, ತಲಿ ನೆಟ್ಟಗೈತೇನು?"

ಅವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇರಲಿಲ್ಲ. ವಿಜಯಪುರದ ಏಪ್ರಿಲ್, ಹೊರಗೆ ನಲವತ್ತು ಡಿಗ್ರಿ ಬಿಸಿಲು, ನಮ್ಮ ಓಣಿಗೆ ನಳ ಬರುವುದು ದಿನ ಬಿಟ್ಟು ದಿನ. ಕೊಳದಲ್ಲಿ ಎಷ್ಟು ನೀರು ಹಿಡಿಯುತ್ತದೆ ಅಂತ ಅತ್ತೆ ಕೇಳಿದರು. ನಮ್ಮವರು ಉತ್ಸಾಹದಿಂದ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದರು. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ ಅಂದರೆ ಮೂರು ಲಕ್ಷ ಲೀಟರ್. ಕೊಡಕ್ಕೆ 15 ಲೀಟರ್ ಹಿಡಿದರೆ 20,000 ಕೊಡ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅದನ್ನು ಅತ್ತೆಯ ಮುಂದೆ ಜೋರಾಗಿ ಹೇಳಬಾರದಿತ್ತು. ಎರಡು ದಿನ ಅವರು ನೀರಿನ ಮಾತೇ ಆಡಲಿಲ್ಲ, ಪ್ರತಿ ಸಲ ಕೊಡ ಎತ್ತುವಾಗ ಮಾತ್ರ "ಒಂದು" ಅಂತ ಎಣಿಸುತ್ತಿದ್ದರು.

ನಾನು ಹಟ ಹಿಡಿದದ್ದಕ್ಕೆ ಕಾರಣ ಬೇರೆ ಇತ್ತು. ನನ್ನ ತವರು ಬಸವನ ಬಾಗೇವಾಡಿ ಕಡೆಯ ಹಳ್ಳಿ. ನಾನು ಸಣ್ಣವಳಿದ್ದಾಗ ಅಲ್ಲಿ ನೀರು ಅಂದರೆ ಬಾವಿ, ಅಷ್ಟೇ. ಈಗ ಆಲಮಟ್ಟಿಯ ನೀರು ಏತ ನೀರಾವರಿಯಲ್ಲಿ ಮೇಲೆ ಬಂದಿದೆ, ಕಾಲುವೆ ಹರಿಯುತ್ತದೆ, ಒಣಗಿದ್ದ ಕೆರೆಗಳು ತುಂಬಿವೆ, ಹೊಲಹೊಲದಲ್ಲಿ ಕೃಷಿ ಹೊಂಡ. ದ್ರಾಕ್ಷಿ, ಕಬ್ಬು ಎಲ್ಲ ಬಂತು, ಖುಷಿಯೇ. ಆದರೆ ನೀರು ನೋಡದ ಊರಿಗೆ ನೀರು ಬಂದರೆ ಈಜು ಬರುವವರು ಎಲ್ಲಿಂದ ಬರಬೇಕು? ಹಳೆಯ ಬಾವಿಗೆ ಪಾವಟಿಗೆ ಇರುತ್ತಿದ್ದವು, ಬಿದ್ದವನು ಒಂದು ಕಲ್ಲಾದರೂ ಹಿಡಿಯಬಹುದಿತ್ತು. ಕೃಷಿ ಹೊಂಡಕ್ಕೆ ಇಳಿಜಾರು ಗೋಡೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಪಾಚಿ. ದೊಡ್ಡವರು ಬಿದ್ದರೂ ಹತ್ತಿ ಬರುವುದು ಕಷ್ಟ. ಪ್ರತಿ ರಜೆಗೆ ಮಗ ಅಜ್ಜನ ಊರಿಗೆ ಹೋಗುತ್ತಾನೆ. ಇದನ್ನು ಹೇಳಿದ ಮೇಲೆ ಅತ್ತೆ ಎಣಿಸುವುದನ್ನು ನಿಲ್ಲಿಸಿದರು.

ಸರಿ, ಸೇರಿಸಿದೆವು. ಮೊದಲ ದಿನವೇ ಮಕ್ಕಳ ತಲೆಗೆ ರಬ್ಬರ್ ಟೊಪ್ಪಿಗೆ ಹಾಕಿ ಲೆವೆಲ್ ಮಾಡಿದರು. ಹಳದಿ ಟೊಪ್ಪಿಗೆ ಅಂದರೆ ಏನೂ ಬರದವರು. ಕೆಂಪು ಅಂದರೆ ತೇಲುವವರು, ಬೋರ್ಡ್ ಹಿಡಿದು ಕಾಲು ಬಡಿಯುವವರು. ನೀಲಿ ಟೊಪ್ಪಿಗೆಯವರು ಫ್ರೀಸ್ಟೈಲ್‌ನಲ್ಲಿ ಮುಖ ಪಕ್ಕಕ್ಕೆ ಹೊರಳಿಸಿ ಉಸಿರು ತಗೊಳ್ಳುವವರು, ಅವರದೇ ಬೇರೆ ಠೀವಿ. ನಮ್ಮವನಿಗೆ ಹಳದಿ. ಅದರಲ್ಲಿ ಆಶ್ಚರ್ಯ ಇರಲಿಲ್ಲ, ಮನೆಯಲ್ಲಿ ತಲೆಗೆ ನೀರು ಹಾಕಿದರೆ ಓಣಿಗೆಲ್ಲ ಕೇಳುವಂತೆ ಚೀರುವ ಹುಡುಗ ಅವನು.

ಕಟ್ಟೆಯ ಮೇಲೆ ಕೂತ ನಮ್ಮಂಥ ತಾಯಂದಿರಿಗೆ ಟೊಪ್ಪಿಗೆ ಅಂದರೆ ಪರೀಕ್ಷೆಯ ಮಾರ್ಕ್ಸ್ ಇದ್ದ ಹಾಗೆ. "ನಿಮ್ಮವ ಇನ್ನೂ ಹಳದಿ ಏನ್ರೀ?" ಅನ್ನುವಾಗ ಆ 'ಇನ್ನೂ' ಎಷ್ಟು ಉದ್ದ ಆಗುತ್ತಿತ್ತು ಅಂದರೆ, ನಾನು ಬ್ಯಾಗಿನೊಳಗೆ ಏನೋ ಹುಡುಕುವ ಹಾಗೆ ಮಾಡುತ್ತಿದ್ದೆ. ಆದರೆ ನೀರಿನಲ್ಲಿ ವಯಸ್ಸಿನ ಲೆಕ್ಕ ನಡೆಯುವುದಿಲ್ಲ. ಹನ್ನೊಂದು ವರ್ಷದ, ನನ್ನ ಭುಜಕ್ಕೆ ಬರುವ ಹುಡುಗನೊಬ್ಬ ಹಳದಿ ಟೊಪ್ಪಿಗೆ ಹಾಕಿ ಪುಟಾಣಿಗಳ ನಡುವೆ ಕಂಬಿ ಹಿಡಿದು ನಿಲ್ಲುತ್ತಿದ್ದ. ನೀರು ಅವನ ಎದೆಮಟ್ಟಕ್ಕೂ ಇರಲಿಲ್ಲ. ಅದೇ ಹೊತ್ತಿಗೆ ಮುಂದಿನ ಎರಡು ಹಲ್ಲು ಬಿದ್ದ, ಹಿಡಿಯಷ್ಟಿದ್ದ ಹುಡುಗಿ ನೀಲಿ ಟೊಪ್ಪಿಗೆಯಲ್ಲಿ ಅವನ ಪಕ್ಕದಿಂದಲೇ ಸುರ್ ಅಂತ ಹೋಗುತ್ತಿದ್ದಳು. ಪಾಪ, ಅವನು ಗೋಡೆಯ ಕಡೆ ಮುಖ ಮಾಡುತ್ತಿದ್ದ.

ನಮ್ಮ ಕಾಲದಲ್ಲಿ ಈ ಲೆವೆಲ್ಲು ಗಿವೆಲ್ಲು ಇರಲಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಕೂತು ಯೋಚಿಸಿದರೆ ಇತ್ತು. ನಮ್ಮ ಹೊಲದ ಬಾವಿಯಲ್ಲಿ ಕಾಕಾ ಅಣ್ಣನಿಗೆ ಈಜು ಕಲಿಸಿದಾಗ ಬೆನ್ನಿಗೆ ಎರಡು ಒಣಗಿದ ಸೋರೆ ಬುರುಡೆ ಕಟ್ಟಿದ್ದರು. ಕೆಲವು ದಿನ ಆದ ಮೇಲೆ ಒಂದು ಬುರುಡೆ ಬಿಚ್ಚಿದರು. ಆಮೇಲೆ ಒಂದು ದಿನ ಹೇಳದೇ ಕೇಳದೇ ಇನ್ನೊಂದನ್ನೂ ಬಿಚ್ಚಿ ದೂಕಿದರು. ಎರಡು ಬುರುಡೆ, ಒಂದು ಬುರುಡೆ, ಬರೀ ಬೆನ್ನು. ಅದಾದ ಮೇಲೆ ಪಾವಟಿಗೆ ಲೆಕ್ಕ. ಮೂರನೇ ಪಾವಟಿಗೆಯಿಂದ ಹಾರುವವನು, ಏಳನೇ ಪಾವಟಿಗೆಯಿಂದ ಹಾರುವವನು, ಬಾವಿಯ ದಂಡೆಯಿಂದಲೇ ಹಾರುವ ಗಟ್ಟಿಗ. ಟೊಪ್ಪಿಗೆ ಒಂದು ಇರಲಿಲ್ಲ.

ಮತ್ತು ನಾನು ಇರಲಿಲ್ಲ. ನಾನು ದಂಡೆಯ ಮೇಲೆ ಎಲ್ಲರ ಅಂಗಿ ಚಡ್ಡಿ ಕಾಯುತ್ತಿದ್ದೆ, ಯಾರು ಎಷ್ಟು ಸುತ್ತು ಹೊಡೆದರು ಅಂತ ಎಣಿಸುತ್ತಿದ್ದೆ. ಹುಡುಗಿಯರಿಗೆ ಈಜು ಯಾಕೆ ಅಂತ ಯಾರೂ ಹೇಳಲೂ ಇಲ್ಲ, ಕೇಳಲೂ ಇಲ್ಲ. ಅದೇ ಬಾವಿಯಿಂದ ಹತ್ತು ವರ್ಷ ನೀರು ಸೇದಿದ್ದೇನೆ. ನೀರು ಎಷ್ಟು ಕೆಳಗೆ ಹೋಗಿದೆ ಅಂತ ಹಗ್ಗದ ಅಳತೆಯ ಮೇಲೆ ಹೇಳುತ್ತಿದ್ದೆ. ಒಳಗೆ ಮಾತ್ರ ಇಳಿದಿಲ್ಲ.

ಹಳದಿ ಟೊಪ್ಪಿಗೆಯವರಿಗೆ ಎರಡು ವಾರ ಒಂದೇ ಕೆಲಸ, ಗುಳ್ಳೆ ಬಿಡುವುದು. ಬಾಯಿಂದ ಉಸಿರು ತಗೊಂಡು, ಮುಖ ಮುಳುಗಿಸಿ, ಮೂಗಿನಿಂದ ಬಿಡಬೇಕು. ದುಡ್ಡು ಕೊಟ್ಟು ಕಲಿಯುವ ವಿದ್ಯೆಯೇ ಇದು ಅಂತ ಮೊದಲ ವಾರ ಕಟ್ಟೆಯ ಮೇಲೆ ನಾವೆಲ್ಲ ಗೊಣಗಿದೆವು. ಆದರೆ ಕಲಿಸುವ ಸರ್ ಹೇಳುವುದೂ ಸರಿ. ಮೈ ತಾನಾಗಿಯೇ ತೇಲುತ್ತದೆ, ಎದೆಯೊಳಗೆ ಗಾಳಿ ಇರುತ್ತದಲ್ಲ. ಹೆದರಿ ತಲೆ ಎತ್ತಿದರೆ ಕಾಲು ಕೆಳಗೆ ಹೋಗುತ್ತದೆ, ಕಾಲು ಕೆಳಗೆ ಹೋದರೆ ಮುಳುಗು. ಹಾಗಾಗಿ ಮುಖ ನೀರಿನಲ್ಲಿ ಇಡಲು ಒಪ್ಪದವನಿಗೆ ಮುಂದಿನದು ಯಾವುದೂ ಬರುವುದಿಲ್ಲ. ತೋಳಿಗೆ ಹಾಕುವ ಗಾಳಿ ಬಳೆ ತಂದಿದ್ದ ತಾಯಿಯೊಬ್ಬರಿಗೆ ಅವರು ಅದನ್ನು ಮನೆಯಲ್ಲೇ ಇಡಿ ಅಂದರು. ಅದು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತದಂತೆ, ಈಜಬೇಕಾದರೆ ಅಡ್ಡ ಮಲಗಬೇಕು.

ಇನ್ನೊಂದು ಮಾತು ಹೇಳಿದರು, ಅದು ತಲೆಯಲ್ಲಿ ಕೂತಿದೆ. ಮುಳುಗುವ ಮಗು ಸಿನಿಮಾದ ಹಾಗೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನಲ್ಲಿರುವಾಗ ಕೂಗು ಎಲ್ಲಿಂದ ಬರಬೇಕು? ಸದ್ದಿಲ್ಲದೇ ಹೋಗುತ್ತದೆ. ಅವತ್ತು ಕಟ್ಟೆಯ ಮೇಲಿನ ಮೊಬೈಲ್‌ಗಳೆಲ್ಲ ಬ್ಯಾಗಿನೊಳಗೆ ಹೋದವು.

ಮುಖ ಮುಳುಗಿಸಿದರೆ ಮೂಗಿಗೆ ನೀರು ಹೋಗುತ್ತದೆ ಅಂತ ಮಗ ಅಳುತ್ತಿದ್ದ. ಸರ್ ಅವನ ಪಕ್ಕ ನೀರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದರು. "ರಾತ್ರಿ ಕತಿ ಯಾರು ಹೇಳ್ತಾರ?" ಅಮ್ಮ ಅಂದ. ಅಮ್ಮ ಅಂದರೆ ನಮ್ಮ ಅತ್ತೆ, ನಾನು ಮಮ್ಮಿ. "ಅಮ್ಮ ಕತಿ ಹೇಳುವಾಗ ನೀ ಏನಂತಿ?" "ಹೂಂ ಅಂತೀನಿ." "ಹಂಗೇ ನೀರಾಗ ಹೂಂ ಅನ್ನು, ನೀರು ಹೋಗಂಗಿಲ್ಲ." ಹೂಂ ಅನ್ನುವಾಗ ಮೂಗಿನಿಂದ ಗಾಳಿ ಹೊರಗೆ ಬರುತ್ತಲೇ ಇರುತ್ತದೆ, ನೀರಿಗೆ ಒಳಗೆ ಬರಲು ದಾರಿ ಇಲ್ಲ. ಇಷ್ಟೇ ಗುಟ್ಟು! ಹುಡುಗ ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಮುಳುಗಿಸಿದ. ಕಿವಿಯ ಎರಡೂ ಕಡೆಯಿಂದ ಗುಳ್ಳೆ ಬುಳುಬುಳು ಬಂದವು. ಎದ್ದವನ ಮೂಗಿನಿಂದ ಸಿಂಬಳ ಇಳಿಯುತ್ತಿತ್ತು, ಮುಖದಲ್ಲಿ ಮಾತ್ರ ಬಾವಿ ಗೆದ್ದವನ ಕಳೆ. ಪಕ್ಕದಲ್ಲಿ ಆ ಹನ್ನೊಂದರ ಹುಡುಗ ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ತಾನೂ ಮೆಲ್ಲಗೆ ಹೂಂ ಅಂದ. ನಾನು ನೋಡಿದೆ, ನೋಡದವಳ ಹಾಗೆ ಕೂತೆ.

ಆ ರವಿವಾರ ಮಗನನ್ನು ತಾಜ್ ಬಾವಡಿ ತೋರಿಸಲು ಕರೆದುಕೊಂಡು ಹೋದೆವು. 1620ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹಿ ಕಾಲದಲ್ಲಿ ಕಟ್ಟಿದ್ದು, ಊರಿಗೆ ನೀರು ಕೊಟ್ಟ ಬಾವಿ ಅಂತ ನಮ್ಮವರು ವಿವರಿಸುತ್ತಿದ್ದರು. ಮಗ ಆ ದೊಡ್ಡ ಕಮಾನು, ಕೆಳಗಿನ ಹಸಿರು ನೀರು ಎರಡನ್ನೂ ಬಹಳ ಹೊತ್ತು ನೋಡಿ ಕೇಳಿದ. "ಪಪ್ಪಾ, ಇದು ಯಾವ ಟೊಪ್ಪಿಗಿಯವರಿಗೆ?"

ಮನೆಗೆ ಹೋಂವರ್ಕ್ ಬೇರೆ ಕೊಟ್ಟಿದ್ದರು, ಬಕೆಟ್ಟಿನಲ್ಲಿ ದಿನಾ ಹತ್ತು ಗುಳ್ಳೆ. ನಮ್ಮವನು ಹತ್ತು ಮುಗಿಸಿ ಓಡಿದ ಮೇಲೆ ಬಕೆಟ್ ತುಂಬ ನೀರು ಹಾಗೇ ಉಳಿದಿತ್ತು. ನಳ ಬರುವುದು ನಾಳೆ, ಚೆಲ್ಲಲು ಮನಸ್ಸಾಗಲಿಲ್ಲ. ಬಚ್ಚಲ ಬಾಗಿಲು ಹಾಕಿದೆ. ಸೆರಗು ಸಿಕ್ಕಿಸಿ ಮೊಣಕಾಲೂರಿ ಕೂತೆ. ಮೂರು ಸಲ ಮುಖ ಹತ್ತಿರ ಒಯ್ದು ವಾಪಸ್ ತಂದೆ. ನಾಲ್ಕನೇ ಸಲ ಮುಳುಗಿಸಿ ಜೋರಾಗಿ ಹೂಂ ಅಂದೆ.

ಹೊರಗಿಂದ ಅತ್ತೆ ಬಾಗಿಲು ಬಡಿದರು. "ಯಾಕವಾ, ಒಳಗ ಯಾರ ಕೂಡ ಮಾತಾಡಾಕತ್ತಿ? ಆರಾಮ ಅದಿ ಇಲ್ಲೋ?"

ಮೂಗು ಒರೆಸಿಕೊಳ್ಳುತ್ತ ನಾನು "ಹೂಂ" ಅಂದೆ.